ಮನೆ ವ್ಯಾಪಾರದ ಜಾಲತಾಣ ಕೊಳ್ಳುವವರ ಕಣ್ಣಿಗೆ ಬೀಳಬೇಕಾದರೆ

ಈಚಿನ ವರ್ಷಗಳಲ್ಲಿ ನಮ್ಮ ಬೆಳೆಗಾರರ ಮನೆಗಳಲ್ಲಿ ಒಂದು ಹೊಸ ರೂಢಿ ಕಾಣುತ್ತಿದೆ. ಫಸಲನ್ನೆಲ್ಲ ವ್ಯಾಪಾರಿಗೆ ಒಪ್ಪಿಸದೆ ಸ್ವಲ್ಪ ಕಾಫಿಯನ್ನು ಮನೆಯಲ್ಲಿಯೇ ಹುರಿದು ಪುಡಿ ಮಾಡಿ, ಕಾಳುಮೆಣಸು, ಏಲಕ್ಕಿ, ಜೇನು, ಮಿಡಿ ಉಪ್ಪಿನಕಾಯಿಗಳ ಜೊತೆಯಲ್ಲಿ ನೇರವಾಗಿ ಬಳಕೆದಾರರಿಗೆ ಮಾರುವುದೇ ಆ ರೂಢಿ. ಇದಕ್ಕಾಗಿ ಜಾಲತಾಣ, ಅಂದರೆ ವೆಬ್‌ಸೈಟ್, ಮಾಡಿಸಿದವರೂ ಇದ್ದಾರೆ. ಆದರೆ ತಾಣ ಮಾಡಿಸಿ ವರ್ಷ ಕಳೆದರೂ ನೆಂಟರಿಷ್ಟರ ಹೊರತು ಯಾರೂ ಒಂದು ಪೊಟ್ಟಣ ಕೇಳುವುದಿಲ್ಲ. ಅಷ್ಟರಲ್ಲಿ ಒಂದು ಫೋನ್ ಕರೆ ಬರುತ್ತದೆ: "ಇಷ್ಟು ಸಾವಿರ ಕೊಡಿ, ಗೂಗಲ್‌ನಲ್ಲಿ ನಿಮ್ಮ ತಾಣವನ್ನು ಮೊದಲನೆಯ ಸ್ಥಾನಕ್ಕೆ ತರುತ್ತೇವೆ." ಆ ಹಣ ಕೊಡುವ ಮುನ್ನ ತಿಳಿದಿರಬೇಕಾದ ಸಂಗತಿಗಳನ್ನು ಈ ಪಾಠದಲ್ಲಿ ನೋಡೋಣ.

ಹುಡುಕುವ ಯಂತ್ರ ಕೆಲಸ ಮಾಡುವ ಬಗೆ

ಗೂಗಲ್‌ನಂತಹ ಹುಡುಕುವ ಯಂತ್ರದ ಕೆಲಸ ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲು ಅದು ಒಂದು ಪುಟದಿಂದ ಇನ್ನೊಂದಕ್ಕೆ ಕೊಂಡಿ ಹಿಡಿದು ಸಾಗುತ್ತಾ ಪುಟಗಳನ್ನು ಓದುತ್ತದೆ. ಎರಡನೆಯದಾಗಿ, ಓದಿದ್ದನ್ನು ಪುಸ್ತಕದ ಕೊನೆಯ ಪದಸೂಚಿಯಂತೆ ದಾಖಲಿಸಿಕೊಳ್ಳುತ್ತದೆ. ಮೂರನೆಯದಾಗಿ, ಯಾರಾದರೂ ಪ್ರಶ್ನೆ ಹಾಕಿದಾಗ ದಾಖಲೆಯಲ್ಲಿರುವ ಪುಟಗಳಲ್ಲಿ ಹೆಚ್ಚು ಉಪಯೋಗಕ್ಕೆ ಬರುವಂಥವನ್ನು ಆರಿಸಿ ಮೇಲಿನಿಂದ ಕೆಳಗೆ ಜೋಡಿಸುತ್ತದೆ. ಈ ಜೋಡಣೆಯಲ್ಲಿ ಹಣ ಕೊಟ್ಟು ಮೇಲೇರಲು ದಾರಿಯಿಲ್ಲ. ಹಣ ಕೊಟ್ಟವರದು ಜಾಹೀರಾತೆಂಬ ಗುರುತಿನೊಡನೆ ಬೇರೆಯಾಗಿ ತೋರುತ್ತದೆ. ಮೊದಲನೆಯ ಸ್ಥಾನದ ಭರವಸೆಯನ್ನು ಯಾರೂ ಕೊಡಲಾರರೆಂದು ಗೂಗಲ್ ತಾನೇ ಸ್ಪಷ್ಟವಾಗಿ ಹೇಳಿದೆ. ಆದುದರಿಂದ ಅಂತಹ ಭರವಸೆ ಕೊಡುವವರನ್ನು ದೂರವಿಡುವುದು ಲೇಸು.

ಮೊದಲ ಪರೀಕ್ಷೆ

ನಮ್ಮ ಪುಟ ದಾಖಲೆಯಲ್ಲಿ ಇದೆಯೋ ಇಲ್ಲವೋ ಎಂಬುದನ್ನು ಮೊದಲು ನೋಡಬೇಕು. ಹುಡುಕುವ ಜಾಗದಲ್ಲಿ ಇಂಗ್ಲಿಷಿನಲ್ಲಿ 'ಸೈಟ್' ಎಂದು ಬರೆದು, ಮುಂದೆ ಎರಡು ಚುಕ್ಕೆಯ ಕೋಲನ್ ಚಿಹ್ನೆ ಹಾಕಿ, ಜಾಗ ಬಿಡದೆ ತಾಣದ ವಿಳಾಸ ಬರೆಯಿರಿ. ಪುಟಗಳು ಕಾಣಿಸಿದರೆ ಸರಿ. ಒಂದೂ ಕಾಣದಿದ್ದರೆ ಯಂತ್ರ ಇನ್ನೂ ನಮ್ಮ ತಾಣವನ್ನು ದಾಖಲಿಸಿಕೊಂಡಿಲ್ಲದಿರಬಹುದು. ತಾಣ ಕಟ್ಟುವಾಗ ಯಂತ್ರಗಳು ಬರಬಾರದೆಂದು ಹಾಕಿದ ತಡೆಯನ್ನು ಕೆಲಸ ಮುಗಿದ ಮೇಲೆ ತೆಗೆಯಲು ಮರೆಯುವುದುಂಟು. ಗದ್ದೆಗೆ ನೀರು ಬಾರದಿದ್ದರೆ ಮೊದಲು ತೂಬು ತೆರೆದಿದೆಯೇ ಎಂದು ನೋಡುವುದಿಲ್ಲವೇ, ಹಾಗೆಯೇ ಇದೂ. ಗೂಗಲ್ 'ಸರ್ಚ್ ಕನ್ಸೋಲ್' ಎಂಬ ಸೌಲಭ್ಯವನ್ನು ಉಚಿತವಾಗಿ ಒದಗಿಸಿದೆ. ಅದರಲ್ಲಿ ತಾಣವನ್ನು ನೋಂದಾಯಿಸಿದರೆ ಯಾವ ಪುಟ ದಾಖಲಾಗಿದೆ, ಜನ ಯಾವ ಮಾತು ಬರೆದು ಹುಡುಕಿದಾಗ ನಮ್ಮ ಪುಟ ಕಾಣಿಸಿತು, ಎಷ್ಟು ಮಂದಿ ಒಳಗೆ ಬಂದರು ಎಂಬುದೆಲ್ಲ ತಿಳಿಯುತ್ತದೆ.

ಕೊಳ್ಳುವವರ ಮಾತಿನಲ್ಲಿ ಬರೆಯಿರಿ

ಇದೇ ಈ ಪಾಠದ ಮುಖ್ಯ ವಿಷಯ. ನಮ್ಮಲ್ಲಿ ಅನೇಕರ ತಾಣದ ಮೊದಲ ಪುಟದಲ್ಲಿ ಮಂಜು ಮುಸುಕಿದ ತೋಟದ ದೊಡ್ಡ ಚಿತ್ರ, ತೋಟದ ಹೆಸರು, 'ಪ್ರಕೃತಿಯ ಮಡಿಲಿನಿಂದ' ಎಂಬಂತಹ ಒಂದು ಸಾಲು, ಇಷ್ಟೇ ಇರುತ್ತದೆ. ನಮ್ಮ ತೋಟದ ಹೆಸರು ಬೆಂಗಳೂರಿನ ಗೃಹಿಣಿಗೆ ಗೊತ್ತಿಲ್ಲ; ಗೊತ್ತಿಲ್ಲದ್ದನ್ನು ಆಕೆ ಹುಡುಕುವುದೂ ಇಲ್ಲ. ಆಕೆ ಹುಡುಕುವುದು 'ಚಿಕೋರಿ ಇಲ್ಲದ ಫಿಲ್ಟರ್ ಕಾಫಿ ಪುಡಿ' ಎಂದು. ಆ ಮಾತು ನಮ್ಮ ಪುಟದಲ್ಲಿ ಎಲ್ಲಿಯೂ ಇಲ್ಲದಿದ್ದರೆ ಯಂತ್ರ ಆಕೆಯನ್ನು ನಮ್ಮ ಬಳಿಗೆ ಕಳುಹಿಸುವ ಸಂಭವ ಕಡಿಮೆ.

ಆದುದರಿಂದ ಒಂದೊಂದು ಪದಾರ್ಥಕ್ಕೂ ಒಂದೊಂದು ಪುಟವಿರಲಿ. ಕಾಫಿ ಪುಡಿಯ ಪುಟದಲ್ಲಿ ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು, ಚಿಕೋರಿ ಸೇರಿದೆಯೇ, ಸೇರಿದ್ದರೆ ಶೇಕಡಾ ಎಷ್ಟು, ತೋಟ ಯಾವ ತಾಲ್ಲೂಕಿನದು, ಹುರಿದದ್ದು ಎಂದು, ಪೊಟ್ಟಣದ ತೂಕವೇನು, ಬೆಲೆ ಎಷ್ಟು, ಅಂಚೆಯಲ್ಲಿ ತಲುಪಲು ಎಷ್ಟು ದಿನ ಎಂಬುದನ್ನು ಸರಳವಾಗಿ ಬರೆಯಿರಿ. ಗಿರಾಕಿಗಳು ಫೋನಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡು ಅವಕ್ಕೆ ಉತ್ತರವನ್ನೂ ಪುಟದಲ್ಲಿ ಕೊಡಿ. ಕೊಳ್ಳುವವರಲ್ಲಿ ಕೆಲವರು ಕನ್ನಡದಲ್ಲಿಯೂ ಕೆಲವರು ಇಂಗ್ಲಿಷಿನಲ್ಲಿಯೂ ಹುಡುಕುವುದರಿಂದ ಎರಡು ಭಾಷೆಗಳಲ್ಲಿಯೂ ಬರೆಯುವುದು ಒಳ್ಳೆಯದು.

ಆದರೆ ಒಂದೇ ಮಾತನ್ನು ಹತ್ತಿಪ್ಪತ್ತು ಸಲ ತುರುಕಬಾರದು. ಗೊಬ್ಬರ ಅತಿಯಾದರೆ ಬೇರೇ ಸುಡುತ್ತದೆ. ಕಣ್ಣಿಗೆ ಕಾಣದಂತೆ ಪುಟದ ತಲೆಯಲ್ಲಿ 'ಕೀವರ್ಡ್'ಗಳ ಪಟ್ಟಿ ಬರೆದಿಡುವ ಹಳೆಯ ಪದ್ಧತಿಯನ್ನು ಗೂಗಲ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೆಂದು 2009ರಲ್ಲಿಯೇ ಪ್ರಕಟಿಸಿದೆ. ಅದಕ್ಕೆಂದು ಯಾರಿಗಾದರೂ ಹಣ ಕೊಟ್ಟರೆ ವ್ಯರ್ಥ.

ಇಲ್ಲದ್ದನ್ನೂ ಬರೆಯಬಾರದು. ಕೂರ್ಗ್ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ಶಿರಸಿ ಅಡಿಕೆ ಇವುಗಳಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ದೊರೆತಿದೆ. ಹೆಚ್ಚು ಜನ ಹುಡುಕುತ್ತಾರೆಂದು ಬೇರೆ ಸೀಮೆಯ ಮಾಲಿಗೆ ಈ ಹೆಸರು ಹಚ್ಚುವುದು ಕಾನೂನಿಗೆ ವಿರುದ್ಧ, ನೆರೆಯ ಬೆಳೆಗಾರನಿಗೂ ದ್ರೋಹ. ಆ ಸೀಮೆಯವರೇ ಆದರೂ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡ ನಂತರ ಆ ಹೆಸರು ಬಳಸುವುದು ಕ್ಷೇಮ.

ತಲೆಬರಹ ಮತ್ತು ಚಿತ್ರ

ಪ್ರತಿ ಪುಟಕ್ಕೂ 'ಟೈಟಲ್' ಎಂಬ ತಲೆಬರಹವಿರುತ್ತದೆ. ಹುಡುಕಿದವರಿಗೆ ಸಾಮಾನ್ಯವಾಗಿ ಮೊದಲು ಕಾಣುವ ಸಾಲು ಅದೇ. ಅಲ್ಲಿ 'ಮುಖಪುಟ' ಎಂದಷ್ಟೇ ಇದ್ದರೆ ಪ್ರಯೋಜನವಿಲ್ಲ. 'ಮನೆಯಲ್ಲಿ ಹುರಿದ ಅರೇಬಿಕಾ ಫಿಲ್ಟರ್ ಕಾಫಿ ಪುಡಿ, ಚಿಕೋರಿ ಇಲ್ಲದ್ದು, ಮೂಡಿಗೆರೆ' ಎಂದಿದ್ದರೆ ಓದುವವರಿಗೂ ಯಂತ್ರಕ್ಕೂ ವಿಷಯ ತಿಳಿಯುತ್ತದೆ. ಬೆಲೆಪಟ್ಟಿಯನ್ನು ಚಿತ್ರವಾಗಿ ಅಂಟಿಸದೆ ಅಕ್ಷರಗಳಲ್ಲಿಯೇ ಬರೆಯಿರಿ. ಚಿತ್ರಗಳಿಗೆ 'ಆಲ್ಟ್ ಟೆಕ್ಸ್ಟ್' ಎಂಬ ಜಾಗದಲ್ಲಿ ಒಂದು ಸಾಲಿನ ವಿವರಣೆ ಕೊಡಿ; ಕಣ್ಣು ಕಾಣದವರಿಗೆ ಪುಟ ಓದಿಹೇಳುವ ಸಾಧನಕ್ಕೂ ಅದು ಬೇಕು. ಮೊಬೈಲಿನಲ್ಲಿ ತೆಗೆದ ಭಾರಿ ಚಿತ್ರಗಳನ್ನು ಹಾಗೆಯೇ ಹಾಕದೆ ಗಾತ್ರ ಇಳಿಸಿ ಹಾಕಬೇಕು. ಸಿಗ್ನಲ್ ಕಡಿಮೆಯಿರುವ ಕಡೆ ಭಾರದ ಪುಟ ತೆರೆಯಲು ಎಷ್ಟು ಹೊತ್ತಾಗುತ್ತದೆಂಬುದು ಮಲೆನಾಡಿನ ನಮಗೆ ಹೇಳಬೇಕಾದ್ದಿಲ್ಲ. ಗೂಗಲ್ ಪುಟಗಳ ಮೊಬೈಲ್ ರೂಪವನ್ನೇ ಮುಖ್ಯವಾಗಿ ಓದುವ ಪದ್ಧತಿಗೆ ಬದಲಾಗುವುದನ್ನು 2023ರಲ್ಲಿ ಪೂರ್ಣಗೊಳಿಸಿತು. ಆದುದರಿಂದ ತಾಣವನ್ನು ಮೊಬೈಲಿನಲ್ಲಿ ತೆರೆದು ಪರೀಕ್ಷಿಸಿ.

ಹೊರಗಿನ ಕೊಂಡಿಗಳು

ಬೇರೆಯವರ ಪುಟದಿಂದ ನಮ್ಮ ಪುಟಕ್ಕೆ ಕೊಂಡಿ ಇದ್ದರೆ ಅದು ಒಂದು ಶಿಫಾರಸಿನಂತೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ 1998ರಲ್ಲಿ ಗೂಗಲ್ ಸ್ಥಾಪಿಸಿದ್ದು ಈ ತತ್ವವನ್ನು ಆಧರಿಸಿಯೇ. ನಮ್ಮ ಪುಡಿ ತರಿಸುವ ಹೋಟೆಲಿನವರು, ತಂಗಲು ಬಂದುಹೋದ ಹೋಮ್‌ಸ್ಟೇಯವರು ತಮ್ಮ ತಾಣದಲ್ಲಿ ನಮ್ಮ ಹೆಸರು ಹೇಳಿ ಕೊಂಡಿ ಕೊಟ್ಟರೆ ಅದು ನಿಜವಾದ ಶಿಫಾರಸು. ದುಡ್ಡಿಗೆ ನೂರಾರು ಕೊಂಡಿ ಮಾರುವವರೂ ಇದ್ದಾರೆ. 2012ರಿಂದ ಗೂಗಲ್ ಇಂತಹ ಕೃತಕ ಕೊಂಡಿಗಳ ಮೇಲೆ ಬಿಗಿಯಾದ ಕ್ರಮ ಕೈಗೊಂಡಿದೆ. ಅವುಗಳಿಂದ ತಾಣ ಕೆಳಗಿಳಿಯುವ ಅಪಾಯವೇ ಹೆಚ್ಚು.

ಗಿರಾಕಿಗಳು ಮನೆಗೆ ಬಂದು ಕೊಳ್ಳುವುದಿದ್ದರೆ ಗೂಗಲ್ ನಕ್ಷೆಯಲ್ಲಿ ಉಚಿತವಾಗಿ ವ್ಯಾಪಾರದ ವಿವರ ಸೇರಿಸಬಹುದು. ನಾವೇ ಅವರಿದ್ದಲ್ಲಿಗೆ ಹೋಗಿ ಒಪ್ಪಿಸುವುದಾದರೆ ಮನೆಯ ವಿಳಾಸ ಮುಚ್ಚಿಟ್ಟು ಊರುಗಳ ಹೆಸರನ್ನಷ್ಟೇ ತೋರಿಸಬಹುದು. ಕೇವಲ ಅಂಚೆಯ ಮೂಲಕ ನಡೆಯುವ ವ್ಯಾಪಾರಕ್ಕೆ ಈ ಸೌಲಭ್ಯವಿಲ್ಲ.

ಕೊನೆಯ ಮಾತು

ತಾಣದ ವಿಳಾಸ ನಿಮ್ಮ ಹೆಸರಿನಲ್ಲಿಯೇ ನೋಂದಣಿಯಾಗಿರಲಿ. ಅದರ ಗುಪ್ತಪದ ನಿಮ್ಮ ಬಳಿಯೇ ಇರಲಿ. ನವೀಕರಣದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ. ತಾಣ ಕಟ್ಟಿಕೊಟ್ಟವರ ಹೆಸರಿನಲ್ಲಿ ಬಿಟ್ಟರೆ ಪಹಣಿಯನ್ನು ಮೇಸ್ತ್ರಿಯ ಹೆಸರಿಗೆ ಮಾಡಿಕೊಟ್ಟಂತೆಯೇ ಸರಿ.

ಫಲಕ್ಕೆ ಅವಸರಪಡಬೇಡಿ. ತಿದ್ದುಪಡಿ ಮಾಡಿ ಅದರ ಪ್ರಯೋಜನ ಕಾಣಲು ಸಾಮಾನ್ಯವಾಗಿ 4 ತಿಂಗಳಿಂದ 1 ವರ್ಷ ಹಿಡಿಯುತ್ತದೆಂದು ಗೂಗಲ್‌ನವರೇ ಹೇಳುತ್ತಾರೆ. ಅಡಿಕೆ ಸಸಿ ನೆಟ್ಟು ಐದಾರು ವರ್ಷ ಕಾಯುವ ನಮಗೆ ಇದು ದೀರ್ಘವಲ್ಲ. ಈ ತಿಂಗಳು ಒಂದೇ ಒಂದು ಪದಾರ್ಥದ ಪುಟವನ್ನು ಮನೆಯವರೆಲ್ಲ ಕೂತು ಹೊಸದಾಗಿ ಬರೆಯಿರಿ. ತೋಟದ ಕೆಲಸವನ್ನೂ ರುಚಿಯನ್ನೂ ಬಲ್ಲ ನಿಮಗಿಂತ ಚೆನ್ನಾಗಿ ಅದನ್ನು ಬರೆಯುವವರು ಪೇಟೆಯಲ್ಲಿ ಯಾರೂ ಇಲ್ಲ.