ಪಂಡಿತಾ ರಮಾಬಾಯಿ: ದೀಕ್ಷೆಯ ನಂತರದ ಸಂಶಯ

ಕಾರ್ಕಳ ಸಮೀಪದ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು ಪಂಡಿತಾ ರಮಾಬಾಯಿ (1858–1922) 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದರು. ಅದರಿಂದ ಸಂಶಯ ನೀಗಲಿಲ್ಲ. ತ್ರಯೈಕ್ಯ, ಕ್ರಿಸ್ತನ ದೈವತ್ವಗಳ ಕುರಿತು ಆಂಗ್ಲ ಸಂನ್ಯಾಸಿನಿಯರೊಡನೆ ಅವರು ಪತ್ರಮುಖೇನ ವಾದಿಸಿದ್ದು ಪ್ರಸಿದ್ಧವೇ ಆಗಿದೆ. ಆದರೆ ತರ್ಕಕ್ಕಿಂತ ಆಳವಾಗಿ ಅವರನ್ನು ಕಾಡಿದುದು, ತನಗೆ ರಕ್ಷಣೆ ದೊರೆತಿದೆಯೇ ಎಂಬ ಪ್ರಶ್ನೆ. ದೀಕ್ಷೆಯಾಗಿ ಎಂಟು ವರ್ಷಗಳ ಮೇಲೆ, ತಾನು ಕಂಡುಕೊಂಡದ್ದು ಕ್ರೈಸ್ತಧರ್ಮವನ್ನೇ ಹೊರತು ಕ್ರಿಸ್ತನನ್ನಲ್ಲವೆಂಬ ಅರಿವು ತಮಗಾಯಿತೆಂದು ಅವರು 1907ರ ಆತ್ಮನಿವೇದನೆಯಲ್ಲಿ ತಿಳಿಸಿದ್ದಾರೆ. ದೀಕ್ಷೆಯೇ ರಕ್ಷಣೆಯೆಂಬ ಭರವಸೆಯನ್ನು ಕೈಬಿಟ್ಟ ಮೇಲೆಯೇ ಮನಸ್ಸು ನೆಲೆನಿಂತಿತು. ಬಾಲ್ಯದಲ್ಲಿ ತಂದೆತಾಯಿಗಳೊಡನೆ ತೀರ್ಥಕ್ಷೇತ್ರಗಳನ್ನು ಅಲೆದು, 1870ರ ದಶಕದ ಕ್ಷಾಮದಲ್ಲಿ ಅವರನ್ನು ಕಳೆದುಕೊಂಡಿದ್ದ ಮಗಳಿಗೆ, ಪುಣ್ಯವನ್ನು ಕೂಡಿಟ್ಟು ಮೋಕ್ಷ ಪಡೆಯುವ ದಾರಿಯ ದಣಿವು ಹೊಸದೇನಲ್ಲ. ಪುಣೆ ಜಿಲ್ಲೆಯ ಕೇಡಗಾಂವದ ಆಶ್ರಮಕ್ಕೆ ಅವರಿಟ್ಟ ಹೆಸರೂ ಗಮನಾರ್ಹ: ಮರಾಠಿ ಕ್ರೈಸ್ತರ ರೂಢಿಯ ‘ತಾರಣ’ವನ್ನು ಬಿಟ್ಟು, ತಂದೆಯ ಸಂಸ್ಕೃತದ ‘ಮುಕ್ತಿ’ಯನ್ನೇ ಅವರು ಉಳಿಸಿಕೊಂಡರು.