ಅರ್ಧ ಒತ್ತಿದ ಕ್ಲಚ್: ಘರ್ಷಣೆಯ ಪಾಠದಲ್ಲಿ ನಾನು ತಿದ್ದಿಕೊಂಡದ್ದು

ಪಾಠದ ಹಿನ್ನೆಲೆ

ಅಭ್ಯಾಸ ಬೋಧನೆಗೆ ನನಗೆ ದೊರೆತದ್ದು ಬಾಪೂಜಿ ನಗರದ ಒಂದು ಪ್ರೌಢಶಾಲೆ. ಎಂಟನೆಯ ತರಗತಿ, ವಿಜ್ಞಾನ, ಘಟಕ ‘ಘರ್ಷಣೆ’. ಶಾಲೆಯಿಂದ ಸ್ವಲ್ಪ ದೂರ ನಡೆದರೆ ಮೈಸೂರು ರಸ್ತೆ. ಗಾಳಿ ಆಂಜನೇಯ ದೇವಸ್ಥಾನದ ಬಳಿ ನಿಂತು ನಿಂತು ಸಾಗುವ ವಾಹನಗಳ ಸಾಲು. ಇಲ್ಲಿನ ಮಕ್ಕಳಿಗೆ ಕ್ಲಚ್ ಒಳ್ಳೆಯ ಉದಾಹರಣೆ ಎನಿಸಿತು. ಇನ್ನೊಂದು ಕಾರಣವೂ ಇತ್ತು. ಕಾರು ಕಲಿಯುವಾಗ ಅಣ್ಣನ ಕಾರಿನ ಕ್ಲಚ್ ಪ್ಲೇಟನ್ನು ನಾನೇ ಸುಟ್ಟಿದ್ದೆ. ಏಕೆ ಸುಟ್ಟಿತೆಂದು ಮಾತ್ರ ಯೋಚಿಸಿರಲಿಲ್ಲ.

ತರಗತಿಯಲ್ಲಿ ನಡೆದದ್ದು

ಪಾಠಯೋಜನೆಯಲ್ಲಿ ಬರೆದುಕೊಂಡಂತೆಯೇ ಹೇಳಿದೆ: “ಕ್ಲಚ್ ಒತ್ತಿದಾಗ ಪ್ಲೇಟುಗಳು ಉಜ್ಜಿಕೊಂಡು ಸವೆಯುತ್ತವೆ.” ಅದುವರೆಗೆ ಒಮ್ಮೆಯೂ ಬಾಯಿ ಬಿಡದಿದ್ದ ಕೊನೆಯ ಬೆಂಚಿನ ಹುಡುಗ ಎದ್ದು ನಿಂತ. “ಇಲ್ಲ ಮಿಸ್. ನಮ್ಮಪ್ಪ ಗೂಡ್ಸ್ ಗಾಡಿ ಓಡಿಸ್ತಾರೆ. ಪೂರ್ತಿ ಒತ್ತಿದ್ರೆ ಪ್ಲೇಟ್ ಬಿಟ್ಕೊಳ್ಳುತ್ತೆ. ಅರ್ಧ ಒತ್ತಿದ್ರೇನೇ ಸುಟ್ಟೋಗೋದು.”

ಹಿಂದೆ ಮಾರ್ಗದರ್ಶಕ ಉಪನ್ಯಾಸಕರು ಅಂಕಪಟ್ಟಿ ಹಿಡಿದು ಕುಳಿತಿದ್ದರು. “ಆಮೇಲೆ ಕೇಳು, ಕೂತ್ಕೋ” ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವನು ಹೇಳಿದ್ದು ಸರಿಯೆಂದು ಆ ಕ್ಷಣವೇ ಹೊಳೆಯಿತು. “ನಾನು ತಪ್ಪು ಹೇಳಿದೆ. ಬಾ, ಎಲ್ಲರೂ ಸೇರಿ ನೋಡೋಣ” ಎಂದು ಅವನನ್ನು ಮುಂದಕ್ಕೆ ಕರೆದೆ.

ಸಾಮಗ್ರಿ ಬೇಡದ ಚಟುವಟಿಕೆ

ಬಲ ಅಂಗೈ ಎಂಜಿನ್ ತಿರುಗಿಸುವ ಫ್ಲೈವೀಲ್, ಎಡ ಅಂಗೈ ಕ್ಲಚ್ ಪ್ಲೇಟ್.

1. ಎರಡನ್ನೂ ಗಟ್ಟಿಯಾಗಿ ಒತ್ತಿ, ಒಟ್ಟಿಗೇ ಸರಿಸಿ. ಕೈ ಬಿಸಿಯಾಗದು. ಇದು ಪೆಡಲಿನಿಂದ ಕಾಲು ತೆಗೆದ ಸ್ಥಿತಿ. ಇಲ್ಲಿರುವುದು ಸ್ಥಾಯಿ ಘರ್ಷಣೆ.
2. ಬೇರ್ಪಡಿಸಿ, ಬಲಗೈ ಮಾತ್ರ ಆಡಿಸಿ. ಆಗಲೂ ಬಿಸಿಯಿಲ್ಲ. ಇದು ಪೆಡಲ್ ಪೂರ್ತಿ ಒತ್ತಿದ ಸ್ಥಿತಿ.
3. ತಾಗಿಸಿಕೊಂಡು ಬಲಗೈ ಮಾತ್ರ ಉಜ್ಜಿ. ಬಿಸಿ! ಇದೇ ಹಾಫ್ ಕ್ಲಚ್, ಜಾರು ಘರ್ಷಣೆ.

ಗಾಡಿ ಹೊರಡಿಸಲು ಮೂರನೆಯ ಸ್ಥಿತಿ ಕ್ಷಣಕಾಲ ಬೇಕೇ ಬೇಕು. ಅಲ್ಲೇ ಉಳಿದರೆ ಪ್ಲೇಟಿನ ಲೈನಿಂಗ್ ಸವೆಯುತ್ತದೆ. ಏರಿನಲ್ಲಿ ನಾನು ಬ್ರೇಕ್ ಬದಲು ಹಾಫ್ ಕ್ಲಚ್‌ನಲ್ಲೇ ಕಾರನ್ನು ತಡೆದು ನಿಲ್ಲಿಸುತ್ತಿದ್ದೆ. ಅಣ್ಣನ ಕಾರು ಕೆಟ್ಟದ್ದು ಹಾಗೆ.

ವಿಸ್ತರಣೆ: ಹೊಸ ಚಾಲಕರಿಗೆ ಸಲಹೆ

ಮಕ್ಕಳೇ ಕಾರಣಸಹಿತ ಪಟ್ಟಿ ಮಾಡಿದರು: ಓಡಿಸುವಾಗ ಪೆಡಲ್ ಮೇಲೆ ಕಾಲು ಊರಿರಬಾರದು, ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ತರಬೇಕು, ಏರಿನಲ್ಲಿ ಹ್ಯಾಂಡ್ ಬ್ರೇಕ್ ಬಳಸಬೇಕು, ಮೊದಲ ಗೇರಿನಲ್ಲೇ ಹೊರಡಬೇಕು. ಎಂಜಿನ್ ಸದ್ದು ಏರಿದರೂ ವೇಗ ಏರದಿದ್ದರೆ, ಸುಟ್ಟ ವಾಸನೆ ಬಂದರೆ ಮೆಕ್ಯಾನಿಕ್‌ಗೆ ತೋರಿಸಬೇಕು.

ಮೌಲ್ಯಮಾಪನಕ್ಕೆ ಕೇಳಿದ ಪ್ರಶ್ನೆ ಒಂದೇ: “ಘರ್ಷಣೆಯೇ ಇಲ್ಲದ ಕ್ಲಚ್ ಒಳ್ಳೆಯದೇ?” “ಗಾಡಿ ಮುಂದಕ್ಕೇ ಹೋಗಲ್ಲ ಮಿಸ್” ಎಂಬ ಉತ್ತರ ಹಲವು ಬೆಂಚುಗಳಿಂದ ಬಂತು.

ಆತ್ಮಾವಲೋಕನ

ಸ್ಥಳೀಯ ಉದಾಹರಣೆ ಆರಿಸಿದರೆ ಸಾಲದು. ಅದನ್ನು ನಮಗಿಂತ ಚೆನ್ನಾಗಿ ಬಲ್ಲ ಮಗು ತರಗತಿಯಲ್ಲಿರಬಹುದೆಂದು ಎಣಿಸಿಯೇ ಪಾಠಯೋಜನೆ ಬರೆಯಬೇಕು. ಉಪನ್ಯಾಸಕರು ವಿಷಯಜ್ಞಾನಕ್ಕೆ ಅಂಕ ಕಳೆದರು; ಅದು ನ್ಯಾಯವೇ. ಮರುದಿನ ಆ ಹುಡುಗ ಎರಡನೆಯ ಬೆಂಚಿನಲ್ಲಿ ಕುಳಿತಿದ್ದ.