ವೈನಿಯ ರಿಪೋರ್ಟು ಮತ್ತು 1.2 ಎಂಬ ಅಂಕಿ



ನೀನು ಮೊಬೈಲಿನಲ್ಲಿ ಕಳಿಸಿದ ವೈನಿಯ ರಿಪೋರ್ಟು ನೋಡಿದೆ. ‘ಕಾಕಾ, ಕ್ರಿಯಾಟಿನಿನ್ 1.2 ಐತಿ, ನಾರ್ಮಲ್ ಅಂದ್ರು, ಅವ್ವನ ಕಿಡ್ನಿ ಚಲೋ ಅದಾವು’ ಎಂದು ಬರೆದಿದ್ದೀ. ಉತ್ತರವನ್ನು ಪತ್ರಿಕೆಗೇ ಕಳಿಸುತ್ತಿದ್ದೇನೆ. ಏಕೆಂದರೆ ಇಂಥ ರಿಪೋರ್ಟು ಹುಬ್ಬಳ್ಳಿ-ಧಾರವಾಡದ ಎಷ್ಟೋ ಮನೆಗಳ ಕಪಾಟಿನಲ್ಲಿ ಮಡಚಿಕೊಂಡು ಕೂತಿದೆ.

ಲ್ಯಾಬಿನಲ್ಲಿ ಆಯುಷ್ಯ ಕಳೆದವನ ಮಾತು ಕೇಳು. ಕ್ರಿಯಾಟಿನಿನ್ ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ. ಅದೇ 1.2 ಗಟ್ಟಿಮುಟ್ಟಾದ ಇಪ್ಪತ್ತೈದರ ಹುಡುಗನಿಗೆ ಚಿಂತೆಯ ಅಂಕಿಯಲ್ಲ. 65 ವರ್ಷದ ಹೆಣ್ಣುಮಗಳಿಗೆ ಬಂದರೆ ಲೆಕ್ಕ ಬೇರೆ. ವಯಸ್ಸು, ಹೆಣ್ಣೋ ಗಂಡೋ ಎಂಬುದನ್ನು ಸೇರಿಸಿ, ಕಿಡ್ನಿ ರಕ್ತ ಸೋಸುವ ಅಂದಾಜು ವೇಗವಾಗಿ ತೆಗೆಯುವ ‘ಇಜಿಎಫ್ಆರ್’ ಅವರಿಗೆ ಸುಮಾರು 50 ಆಗುತ್ತದೆ. ಅದು ಮೂರು ತಿಂಗಳು 60ಕ್ಕಿಂತ ಕೆಳಗೇ ಉಳಿದರೆ ವೈದ್ಯರು ದೀರ್ಘಕಾಲದ ಕಿಡ್ನಿ ರೋಗವೆನ್ನುತ್ತಾರೆ. 15ಕ್ಕಿಂತ ಕೆಳಗಿಳಿದರೆ ಕಿಡ್ನಿ ಕೈಬಿಟ್ಟಂತೆ. ಕಿಡ್ನಿಯ ಶಕ್ತಿ ಅರ್ಧದಷ್ಟು ಹೋಗುವವರೆಗೂ ಎಷ್ಟೋ ಮಂದಿಯಲ್ಲಿ ಕ್ರಿಯಾಟಿನಿನ್ ಮೇಲೇಳುವುದೇ ಇಲ್ಲ. ನೋವಿಲ್ಲ, ಜ್ವರವಿಲ್ಲ. ಕಾಲು ಬಾತು, ಊಟ ಸೇರದೆ, ದಮ್ಮು ಹತ್ತಿ ಬರುವ ಹೊತ್ತಿಗೆ ತಡವಾಗಿರುತ್ತದೆ.

ಆ ರಿಪೋರ್ಟಿನಲ್ಲಿ ಇನ್ನೊಂದು ಪರೀಕ್ಷೆ ಇಲ್ಲವೇ ಇಲ್ಲ: ಮೂತ್ರದಲ್ಲಿ ಸೋರುವ ಅಲ್ಬುಮಿನ್ ಎಂಬ ಪ್ರೋಟೀನಿನದು. ಶುಗರ್, ಬಿಪಿ ಇದ್ದವರಲ್ಲಿ ಕಿಡ್ನಿ ಕೆಡತೊಡಗಿದರೆ ಸಾಮಾನ್ಯವಾಗಿ ಮೊದಲು ಸುಳಿವು ಸಿಗುವುದು ಅಲ್ಲೇ. ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ 30 ದಾಟಿತೆಂದರೆ ಸೋರಿಕೆ ಶುರುವಾಗಿದೆ. ಆಗಲೇ ಹಿಡಿದರೆ ಅದನ್ನು ತಗ್ಗಿಸುವ ಬಿಪಿ ಗುಳಿಗೆಗಳಿವೆ. ಶುಗರಿಗೆಂದು ಬಂದು ಕಿಡ್ನಿಯನ್ನೂ ಕಾಯುವ ಹೊಸ ಔಷಧಿಗಳೂ ಇವೆ. ಡಯಾಲಿಸಿಸ್ಸಿನ ದಿನವನ್ನು ವರ್ಷಗಟ್ಟಲೆ ಮುಂದೂಡಬಹುದು. ವೈನಿಗೆ ಶುಗರ್ ಬಂದು ಎಷ್ಟು ಕಾಲವಾಯಿತು ನೋಡು. ಇಷ್ಟು ದಿನ ಈ ಪರೀಕ್ಷೆಯನ್ನು ಯಾರೂ ಬರೆದುಕೊಡದಿದ್ದುದು ನನಗೆ ಸಂಕಟದ ವಿಷಯ.

ನಮ್ಮ ಕಡೆ ಕಿಡ್ನಿ ಅಂದರೆ ಕಲ್ಲು ಅಂತಲೇ ತಿಳಿಯುತ್ತಾರೆ. ಬಾಳೆದಿಂಡಿನ ರಸ, ಬಾರ್ಲಿ ನೀರು ಕುಡಿಸಿದರೆ ಆಯಿತು ಎಂಬ ನಂಬಿಕೆ. ನಾನು ಹೇಳುತ್ತಿರುವ ರೋಗ ನೀರಿಗೆ ಬಗ್ಗುವಂಥದ್ದಲ್ಲ. ಮುಂದುವರಿದ ಮೇಲೆ ಕುಡಿಯುವ ನೀರನ್ನೇ ಅಳೆದು ಕೊಡಬೇಕಾಗುತ್ತದೆ. ವೈನಿ ಮೊಣಕಾಲು ನೋವಿಗೆ ಮೆಡಿಕಲ್ ಅಂಗಡಿಯಿಂದ ತರಿಸಿ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಗುಳಿಗೆಗಳು ಕಿಡ್ನಿಗೆ ಹಾನಿ ಮಾಡಬಲ್ಲವು, ವೈದ್ಯರನ್ನು ಕೇಳದೆ ಕೊಡಬೇಡ. ಹೆಸರಿಲ್ಲದ ಭಸ್ಮದ ಪುಡಿಗಳಂತೂ ಮನೆಯೊಳಗೇ ಬೇಡ. ಅಂಥವುಗಳಲ್ಲಿ ಸೀಸ, ಪಾದರಸ ಸಿಕ್ಕ ಉದಾಹರಣೆಗಳಿವೆ. ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರೊಟ್ಟಿ ಊಟಕ್ಕೆ ಉಪ್ಪಿನಕಾಯಿ, ಹಪ್ಪಳ, ಶೇಂಗಾ ಹಿಂಡಿ ಎಲ್ಲವೂ ಬೇಕೆನ್ನುವ ನಮಗೆ ಇದು ಕಷ್ಟ, ಆದರೆ ಆಗದ ಕೆಲಸವಲ್ಲ.

ಡಯಾಲಿಸಿಸ್ ಅಂದರೆ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ನಾಲ್ಕು ತಾಸು. 2016ರಲ್ಲಿ ಶುರುವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಬಡವರಿಗೆ ಅದು ಉಚಿತವಾಗಿ ಸಿಗುತ್ತದೆ, ದೊಡ್ಡ ಉಪಕಾರ. ಆದರೂ ಹಳ್ಳಿಯಿಂದ ಬಸ್ಸು ಹಿಡಿದು ಬರುವ ರೋಗಿಯ ಜೊತೆಗಾರನ ದಿನಗೂಲಿ ಯಾರು ಕಟ್ಟಿಕೊಡುತ್ತಾರೆ? ಕಿಡ್ನಿ ಕಸಿಯೆಂದರೆ ದಾನಿ ಬೇಕು. ನಮ್ಮ ದೇಶದಲ್ಲಿ ಬದುಕಿರುವಾಗಲೇ ಅಂಗ ಕೊಟ್ಟವರಲ್ಲಿ ಹೆಂಡಂದಿರು, ತಾಯಂದಿರೇ ಹೆಚ್ಚು. ತಮ್ಮ ಪಾಳಿ ಬಂದಾಗ ಕೊಡುವವರು ಸಿಗದವರೂ ಅವರೇ. ಮಿದುಳು ನಿಷ್ಕ್ರಿಯವಾದವರ ಅಂಗಗಳನ್ನು ಹಂಚುವ ಹೊಣೆ ನಮ್ಮ ರಾಜ್ಯದಲ್ಲಿ ‘ಜೀವಸಾರ್ಥಕತೆ’ ಎಂಬ ಸಂಸ್ಥೆಯದು. ನೀನೂ ಅಂಗದಾನಿಯಾಗಿ ಹೆಸರು ಬರೆಸು, ಬರೆಸಿದ್ದನ್ನು ಮನೆಯವರಿಗೂ ಹೇಳು.

ಇದೇ ವಾರ ವೈನಿಯನ್ನು ಕರೆದುಕೊಂಡು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಹಿಂದೆ ಕಿಮ್ಸ್ ಎನಿಸಿದ್ದ ಸರ್ಕಾರಿ ಆಸ್ಪತ್ರೆ‌ಗೋ ನಿನಗೆ ಅನುಕೂಲವಾದ ಬೇರೆ ಆಸ್ಪತ್ರೆಗೋ ಹೋಗು. ಇಜಿಎಫ್ಆರ್, ಮೂತ್ರದ ಅಲ್ಬುಮಿನ್ ಎರಡನ್ನೂ ಬಾಯಿಬಿಟ್ಟು ಕೇಳು. ಹೋದಾಗ ನಿನ್ನ ಬಿಪಿಯನ್ನೂ ನೋಡಿಸಿಕೋ. ಅಂಕಿಗಳು ಬಂದ ದಿನವೇ ನನಗೆ ಫೋನು ಮಾಡು.

ನಿನ್ನ ಕಾಕಾ